ಟ್ರಾಮ್ ಟಿಕೆಟ್‌ಗಳ ವಿದ್ವಾಂಸ: ವಿಲಿಯಂ ಸೈಡಿಸ್ ಪ್ರಕರಣ

1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪ್ರಕಾಶನ ಸಂಸ್ಥೆಯೊಂದು ಸುಮಾರು ಮುನ್ನೂರು ಪುಟಗಳ ಪುಸ್ತಕವೊಂದನ್ನು ಹೊರತಂದಿತು. ಟ್ರಾಮಿನಲ್ಲಿ ಹೋಗುವವರು ಒಂದು ಮಾರ್ಗದಿಂದ ಇನ್ನೊಂದು ಮಾರ್ಗಕ್ಕೆ ಬದಲಾಯಿಸಿಕೊಳ್ಳಲು ಕಂಡಕ್ಟರ್ ಕೊಡುತ್ತಿದ್ದ ಟ್ರಾನ್ಸ್‌ಫರ್ ಟಿಕೆಟ್‌ಗಳನ್ನು ಸಂಗ್ರಹಿಸುವುದು ಹೇಗೆ, ವಿಂಗಡಿಸುವುದು ಹೇಗೆ ಎಂಬುದೇ ಅದರ ವಿಷಯ. ಟಿಕೆಟ್ಟಿನ ಮೇಲೆ ಸಮಯ ಗುರುತಿಸುವ ಬಗೆಗಳು, ಬಣ್ಣಗಳು, ಯಾವ ಊರಿನಲ್ಲಿ ಯಾವ ಪದ್ಧತಿ ಎಂಬುದೆಲ್ಲ ಅದರಲ್ಲಿದೆ. ನಡುನಡುವೆ ಪದ್ಯಗಳಿವೆ, ನಗೆಮಾತುಗಳಿವೆ. ಲೇಖಕನ ಹೆಸರು ಫ್ರ್ಯಾಂಕ್ ಫೋಲುಪಾ ಎಂದು ಅಚ್ಚಾಗಿತ್ತು. ಅಂಥ ಮನುಷ್ಯ ಯಾರೂ ಇರಲಿಲ್ಲ. ಬರೆದವನು ವಿಲಿಯಂ ಜೇಮ್ಸ್ ಸೈಡಿಸ್. ಆಗ ಅವನಿಗೆ 28 ವರ್ಷ. ಅದಕ್ಕೂ ಹದಿನೇಳು ವರ್ಷಗಳ ಹಿಂದೆ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಇಡೀ ಅಮೆರಿಕ ಅವನನ್ನು ಹೊಸ ಶತಮಾನದ ಮಹಾ ಗಣಿತಜ್ಞ ಎಂದು ಎದುರುಗೊಂಡಿತ್ತು.

ಬಾಲಪ್ರತಿಭೆಗಳು ದೊಡ್ಡವರಾಗಿ ಮಂಕಾಗುವ ಮಾತು ಬಂದಾಗಲೆಲ್ಲ ಸೈಡಿಸ್‌ನ ಹೆಸರು ಬರುತ್ತದೆ. ಅತಿಯಾಗಿ ಓದಿಸಿದ್ದರಿಂದ ಹುಡುಗ ಕೆಟ್ಟ ಎಂದು ಕೆಲವರು ಹೇಳುತ್ತಾರೆ. ಅಂಥ ಬುದ್ಧಿಯನ್ನು ಟಿಕೆಟ್ ಆಯುವುದರಲ್ಲಿ ಹಾಳುಮಾಡಿಕೊಂಡ ಎಂದು ಇನ್ನು ಕೆಲವರು ಮರುಗುತ್ತಾರೆ. ನಮ್ಮಲ್ಲಿ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಮಾತಿದೆ. ಮೊಳಕೆ ಕಂಡ ಮೇಲೆ ಪೈರು ಬಾರದಿದ್ದರೆ ಯಾರೋ ತಪ್ಪು ಮಾಡಿದ್ದಾರೆಂದೇ ನಾವು ಲೆಕ್ಕ ಹಾಕುತ್ತೇವೆ. ಈ ಪ್ರಕರಣದ ವಿವರಗಳನ್ನು ಕೂಡಿಸಿ ನೋಡಿದಾಗ ನನಗೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಸೈಡಿಸ್‌ನ ಬುದ್ಧಿ ಕೊನೆಯವರೆಗೂ ಮಂಕಾಗಲಿಲ್ಲ. ಅವನು ಕಳೆದುಕೊಂಡದ್ದು ಯಾರ ಕಣ್ಣಿಗೂ ಬೀಳದೆ ಬೆಳೆಯುವ, ತಪ್ಪುವ, ಮತ್ತೆ ಮೊದಲಿನಿಂದ ತೊಡಗುವ ಅವಕಾಶವನ್ನು. ಅದನ್ನು ಮೊದಲು ಕಿತ್ತುಕೊಂಡವರು ಅವನನ್ನು ಅತ್ಯಂತ ಹೆಚ್ಚು ಪ್ರೀತಿಸಿದ ಇಬ್ಬರು.

ಮನೆ

ತಂದೆ ಬೋರಿಸ್ ಸೈಡಿಸ್ 1867ರಲ್ಲಿ ಇಂದಿನ ಉಕ್ರೇನಿನ ಬೆರ್ಡಿಚಿವ್‌ನ ಯೆಹೂದಿ ಕುಟುಂಬದಲ್ಲಿ ಹುಟ್ಟಿದವನು. ರಷ್ಯಾದ ಝಾರ್ ಆಡಳಿತದಲ್ಲಿ ರಾಜಕೀಯ ಕಾರಣಕ್ಕೆ ಸೆರೆವಾಸ ಅನುಭವಿಸಿ, 1887ರಲ್ಲಿ ಅಮೆರಿಕಕ್ಕೆ ಬಂದ. ಹಾರ್ವರ್ಡ್‌ನಲ್ಲಿ ಮನೋವಿಜ್ಞಾನಿ ವಿಲಿಯಂ ಜೇಮ್ಸ್‌ನ ಬಳಿ ಓದಿ 1897ರಲ್ಲಿ ಡಾಕ್ಟರೇಟ್ ಪಡೆದ. ತಾಯಿ ಸಾರಾ ಅದೇ ವರ್ಷ ಬಾಸ್ಟನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದಳು. ವಲಸೆ ಬಂದ ಯೆಹೂದಿ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ವೈದ್ಯೆಯಾಗುವುದು ಸಣ್ಣ ಮಾತಲ್ಲ. ಓದೇ ಈ ಗಂಡ ಹೆಂಡತಿಯನ್ನು ಹೊಸ ದೇಶದಲ್ಲಿ ಕಾಪಾಡಿ ನಿಲ್ಲಿಸಿತ್ತು. 1898ರ ಏಪ್ರಿಲ್ 1ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮಗನಿಗೆ ಅವರು ಗುರುವಿನ ಹೆಸರನ್ನೇ ಇಟ್ಟರು.

ಬೋರಿಸ್‌ನ ವಿಧಾನವನ್ನು ಇಂದಿನ ಕೋಚಿಂಗ್ ಕೇಂದ್ರಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ಅದು ಅನ್ಯಾಯ. ಅವನು ಉರು ಹೊಡೆಸುವುದನ್ನು, ಹೆದರಿಸಿ ಕಲಿಸುವುದನ್ನು, ಪರೀಕ್ಷೆಗಳನ್ನು ಕಟುವಾಗಿ ವಿರೋಧಿಸಿದವನು. ಮನುಷ್ಯನೊಳಗೆ ಬಳಕೆಯಾಗದ ಶಕ್ತಿಯ ದೊಡ್ಡ ಸಂಗ್ರಹವಿದೆ, ಮಗು ಮಾತು ಕಲಿಯುವ ಹೊತ್ತಿಗೇ ಅದರ ಕುತೂಹಲವನ್ನು ಎಬ್ಬಿಸಿದರೆ ಆ ಶಕ್ತಿ ಹೊರಬರುತ್ತದೆ ಎಂಬುದು ಅವನ ವಾದ. ವಿಲಿಯಂ ಒಂದೂವರೆ ವರ್ಷಕ್ಕೇ ದಿನಪತ್ರಿಕೆ ಓದುತ್ತಿದ್ದನೆಂದು ಮನೆಯವರು ಹೇಳುತ್ತಿದ್ದರು. ಎಂಟು ವರ್ಷದ ಹೊತ್ತಿಗೆ ಲ್ಯಾಟಿನ್, ಗ್ರೀಕ್, ಫ್ರೆಂಚ್, ರಷ್ಯನ್, ಜರ್ಮನ್, ಹೀಬ್ರೂಗಳ ಜೊತೆಗೆ ಟರ್ಕಿಷ್ ಮತ್ತು ಅರ್ಮೇನಿಯನ್ ಕೂಡ ಬರುತ್ತಿದ್ದವು ಎನ್ನುತ್ತಾರೆ. ವೆಂಡರ್‌ಗುಡ್ ಎಂಬ ತನ್ನದೇ ಭಾಷೆಯೊಂದನ್ನು ಕಟ್ಟಿ ಅದಕ್ಕೆ ವ್ಯಾಕರಣವನ್ನೂ ಬರೆದ. ಹೆತ್ತವರ ಹೆಮ್ಮೆಯ ಮಾತುಗಳಲ್ಲಿ ಎಷ್ಟು ಕಳೆದರೂ ಉಳಿಯುವುದು ಅಸಾಮಾನ್ಯವೇ.

ಮಗುವಿಗೆ ಕಲಿಸಿದ್ದರಲ್ಲಿ ನಾನು ತಪ್ಪು ಕಾಣುವುದಿಲ್ಲ. ಕಲಿಕೆ ಅವನಿಗೆ ಆಟವೇ ಆಗಿತ್ತು ಎಂಬುದಕ್ಕೆ ಆ ಕಟ್ಟುಭಾಷೆಯೇ ಸಾಕ್ಷಿ. ಯಾವ ಪರೀಕ್ಷೆಗೂ ಬೇಕಿಲ್ಲದ ವ್ಯಾಕರಣವನ್ನು ಒತ್ತಾಯಕ್ಕೆ ಯಾರೂ ಬರೆಯುವುದಿಲ್ಲ. ತೊಂದರೆ ಶುರುವಾದದ್ದು ಬೋರಿಸ್ ತನ್ನ ಸಿದ್ಧಾಂತಕ್ಕೆ ಮಗನನ್ನೇ ಸಾಕ್ಷಿಯಾಗಿ ಸಾರ್ವಜನಿಕರ ಮುಂದೆ ನಿಲ್ಲಿಸಿದಾಗ. 1911ರಲ್ಲಿ ಅವನು ಪ್ರಕಟಿಸಿದ ಶಿಕ್ಷಣ ಕುರಿತ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬ ಹುಡುಗ ಬರುತ್ತಾನೆ. ಆ ಹುಡುಗ ಹನ್ನೆರಡು ವರ್ಷಕ್ಕೆ ಏನೇನು ಬಲ್ಲ ಎಂಬ ಪಟ್ಟಿಯೂ ಬರುತ್ತದೆ. ಹೆಸರು ಬೇಕಾಗಿಯೇ ಇರಲಿಲ್ಲ, ಓದುಗರೆಲ್ಲರಿಗೂ ಯಾರೆಂದು ಗೊತ್ತಿತ್ತು. ಒಬ್ಬ ಮಗನ ಬದುಕು ಒಂದು ವಾದದ ಪುರಾವೆಯಾದ ಮೇಲೆ ಅವನ ನೆಗಡಿಯೂ ಆ ವಾದಕ್ಕೆ ಬಂದ ಆಪತ್ತಾಗುತ್ತದೆ. ವಿಲಿಯಂನ ವಿಷಯದಲ್ಲಿ ಆದದ್ದೂ ಹೀಗೆಯೇ.

ಹಾರ್ವರ್ಡ್

ಒಂಬತ್ತನೆಯ ವಯಸ್ಸಿನಲ್ಲಿ ಹಾರ್ವರ್ಡ್‌ಗೆ ಅರ್ಜಿ ಹಾಕಿದಾಗ, ವಯಸ್ಸು ಸಾಲದೆಂದು ವಿಶ್ವವಿದ್ಯಾಲಯ ತಿರಸ್ಕರಿಸಿತು. 1909ರಲ್ಲಿ, ಹನ್ನೊಂದಕ್ಕೆ, ಸೇರಿಸಿಕೊಂಡಿತು. 1910ರ ಜನವರಿ 5ರಂದು ಅವನು ಅಲ್ಲಿನ ಗಣಿತ ಸಂಘದಲ್ಲಿ ನಾಲ್ಕು ಆಯಾಮಗಳ ಕಾಯಗಳನ್ನು ಕುರಿತು ಉಪನ್ಯಾಸ ಕೊಟ್ಟ. ಎದುರಿಗೆ ಪ್ರಾಧ್ಯಾಪಕರೂ ಮೇಲಿನ ತರಗತಿಗಳ ವಿದ್ಯಾರ್ಥಿಗಳೂ ಕೂತಿದ್ದರು. ಈ ಹುಡುಗ ಮುಂದೆ ದೊಡ್ಡ ಗಣಿತಜ್ಞನಾಗುತ್ತಾನೆ ಎಂದು ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಡೇನಿಯಲ್ ಕಾಮ್‌ಸ್ಟಾಕ್ ಭವಿಷ್ಯ ನುಡಿದ. ಪತ್ರಿಕೆಗಳು ಅದನ್ನು ದೇಶಕ್ಕೆಲ್ಲ ಸಾರಿದವು.

ಆಗ ಹಾರ್ವರ್ಡ್‌ನಲ್ಲಿ ಇನ್ನೊಬ್ಬ ಬಾಲಪ್ರತಿಭೆ ಇದ್ದ. ಅವನೇ ನಾರ್ಬರ್ಟ್ ವೀನರ್, ಯಂತ್ರಗಳಲ್ಲೂ ಜೀವಿಗಳಲ್ಲೂ ನಿಯಂತ್ರಣ ಮತ್ತು ಸಂವಹನ ನಡೆಯುವ ಬಗೆಯನ್ನು ಅರಿಯುವ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರವನ್ನು ಮುಂದೆ ಕಟ್ಟಿದವನು. ನಾಲ್ಕು ದಶಕಗಳ ನಂತರ ಆತ್ಮಕಥೆ ಬರೆಯುವಾಗ ವೀನರ್ ಆ ಉಪನ್ಯಾಸವನ್ನು ಅಳೆದು ತೂಗಿ ನೆನೆಯುತ್ತಾನೆ. ಯಾವ ವಯಸ್ಸಿನವನೇ ಆಗಲಿ, ಸ್ನಾತಕೋತ್ತರ ತರಗತಿಯ ಮೊದಲ ಅಥವಾ ಎರಡನೆಯ ವರ್ಷದ ವಿದ್ಯಾರ್ಥಿಗೆ ಆ ಭಾಷಣ ಮರ್ಯಾದೆ ತರುವಂಥದ್ದಾಗಿತ್ತು, ಅದೂ ಹುಡುಗ ಯಾರ ನೆರವಿಲ್ಲದೆ ತಾನೇ ಯೋಚಿಸಿ ಕಂಡುಕೊಂಡದ್ದು ಎಂಬುದು ಅವನ ಅಂದಾಜು. ನನಗೆ ಈ ಅಳತೆ ಬಹಳ ಮುಖ್ಯ. ಹನ್ನೊಂದು ವರ್ಷದವನೊಬ್ಬ ಇಪ್ಪತ್ತೆರಡರವನಂತೆ ಯೋಚಿಸಿದ್ದು ವಿಸ್ಮಯವೇ. ಆದರೆ ಅದು ಹೊಸ ಗಣಿತವಲ್ಲ. ವಯಸ್ಸಿಗಿಂತ ಮುಂದಿರುವುದು ಒಂದು ಬಗೆಯ ಶಕ್ತಿ, ಯಾರೂ ಕಾಣದ್ದನ್ನು ಕಾಣುವುದು ಇನ್ನೊಂದು ಬಗೆಯದು. ಮೊದಲನೆಯದು ಇದ್ದರೆ ಎರಡನೆಯದು ತಾನಾಗಿ ಹಿಂಬಾಲಿಸುತ್ತದೆ ಎಂದು ಅಂದಿನ ಪತ್ರಿಕೆಗಳು ಭಾವಿಸಿದವು. ಇಂದಿನ ಪೋಷಕರೂ ಹಾಗೆಯೇ ಭಾವಿಸುತ್ತಾರೆ. ಇಪ್ಪತ್ತೆರಡು ತುಂಬಿದ ದಿನ ಮೊದಲ ಬಗೆಯ ವಿಸ್ಮಯ ತನ್ನಷ್ಟಕ್ಕೇ ಮುಗಿದುಹೋಗುತ್ತದೆ. ಆಗ ಏನೂ ಕಳೆದಿರುವುದಿಲ್ಲ, ಓರಗೆಯವರು ಬಂದು ಸೇರಿಕೊಂಡಿರುತ್ತಾರೆ ಅಷ್ಟೆ.

ಉಪನ್ಯಾಸ ಕೊಟ್ಟ ವರ್ಷವೇ ವಿಲಿಯಂಗೆ ಕಾಯಿಲೆಯಾಯಿತು. ಓದಿನ ಭಾರಕ್ಕೆ ಕುಸಿದುಬಿದ್ದ ಎಂದು ಪತ್ರಿಕೆಗಳು ಬರೆದವು. ಅವನನ್ನು ಎತ್ತಿ ಮೆರೆಸಿದವರೇ ಅವನು ಬೀಳುವುದನ್ನು ಕಾಯತೊಡಗಿದ್ದರು. ಸಹಪಾಠಿಗಳು ಅವನಿಗಿಂತ ಏಳೆಂಟು ವರ್ಷ ದೊಡ್ಡವರು. ಚಡ್ಡಿ ತೊಟ್ಟು ಬರುವ, ಮಾತುಕತೆಯ ನಯ ಗೊತ್ತಿಲ್ಲದ ಈ ಹುಡುಗ ಅವರಿಗೆ ತಮಾಷೆಯ ವಸ್ತುವಾಗಿದ್ದ. ಕ್ಲಾಸಿನಲ್ಲಿ ಅವರ ಜೊತೆ ಸಮನಾಗಿ ಕೂತವನು ಹೊರಗೆ ಅವರಿಗೆ ಯಾವ ರೀತಿಯಲ್ಲೂ ಸಮನಲ್ಲ. ಓರಗೆಯ ಮಕ್ಕಳಂತೂ ಅವನ ಬದುಕಿನಲ್ಲಿ ಇರಲೇ ಇಲ್ಲ.

1914ರ ಜೂನ್‌ನಲ್ಲಿ, ಹದಿನಾರಕ್ಕೆ, ಗೌರವದೊಂದಿಗೆ ಪದವಿ ಪಡೆದ. ತಾನು ಪರಿಪೂರ್ಣ ಬದುಕನ್ನು ಬದುಕಬೇಕೆಂದಿದ್ದೇನೆ, ಅದಕ್ಕಿರುವ ಒಂದೇ ದಾರಿ ಏಕಾಂತ, ಜನಜಂಗುಳಿಯನ್ನು ತಾನು ಎಂದೂ ಇಷ್ಟಪಟ್ಟಿಲ್ಲ ಎಂದು ಪತ್ರಿಕೆಯವರಿಗೆ ಹೇಳಿದ. ಮದುವೆಯಾಗುವುದಿಲ್ಲವೆಂಬ ಪ್ರತಿಜ್ಞೆಯ ವಿಷಯವನ್ನೂ ಹೇಳಿದ. ಅವರು ಅದನ್ನೂ ಒಂದು ವಿಚಿತ್ರ ಸುದ್ದಿಯಾಗಿ ಅಚ್ಚು ಹಾಕಿದರು. ಆ ಹುಡುಗ ತನಗೇನು ಬೇಕೆಂದು ಅಷ್ಟು ಸ್ಪಷ್ಟವಾಗಿ ಕೇಳಿದ್ದ. ಅದನ್ನು ಒಂದು ಕೋರಿಕೆಯೆಂದು ಯಾರಾದರೂ ಗಂಭೀರವಾಗಿ ಕೇಳಿಸಿಕೊಂಡಿದ್ದರೆ ಮುಂದಿನ ಕತೆ ಬೇರೆಯಾಗುತ್ತಿತ್ತು.

ಕೈಜಾರಿದ ಏಳು ವರ್ಷ

ಮುಂದಿನದು ಬೇಗ ಬೇಗ ನಡೆಯಿತು. 1915ರ ಕೊನೆಯಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿದ್ದ ರೈಸ್ ಸಂಸ್ಥೆಯಲ್ಲಿ ಗಣಿತ ಕಲಿಸಲು ಹೋದ. ಹದಿನೇಳರ ಮೇಷ್ಟ್ರು, ಅವನಿಗಿಂತ ದೊಡ್ಡ ವಿದ್ಯಾರ್ಥಿಗಳು. ಹಾರ್ವರ್ಡ್‌ನಲ್ಲಿ ನಡೆದದ್ದೇ ಇಲ್ಲಿ ತಲೆಕೆಳಗಾಗಿ ಮರುಕಳಿಸಿತು. ಒಂದು ವರ್ಷ ತುಂಬುವ ಮೊದಲೇ ಹೊರಬಂದ. ತಾನಾಗಿ ಬಿಟ್ಟಿದ್ದಲ್ಲ, ಹೋಗೆಂದರು ಎಂದು ಆಮೇಲೆ ಗೆಳೆಯರಿಗೆ ಹೇಳಿದ. 1916ರಲ್ಲಿ ಹಾರ್ವರ್ಡ್‌ನ ಕಾನೂನು ಶಾಲೆಗೆ ಸೇರಿ, ಕೊನೆಯ ವರ್ಷದಲ್ಲಿ, 1919ರ ಮಾರ್ಚ್‌ನಲ್ಲಿ ಬಿಟ್ಟ.

ಅದೇ ವರ್ಷ ಬಾಸ್ಟನ್ನಿನ ರಾಕ್ಸ್‌ಬರಿಯಲ್ಲಿ ಮೇ ದಿನದ ಸಮಾಜವಾದಿ ಮೆರವಣಿಗೆ ಗಲಭೆಯಲ್ಲಿ ಮುಗಿಯಿತು. ಬಂಧಿತರಲ್ಲಿ ವಿಲಿಯಂ ಇದ್ದ. ತಾನು ಸಮಾಜವಾದಿ, ಯುದ್ಧಕ್ಕೆ ಮನಸ್ಸಾಕ್ಷಿಯ ವಿರೋಧ ಉಳ್ಳವನು ಎಂದು ನ್ಯಾಯಾಲಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ. 18 ತಿಂಗಳ ಸಜೆಯಾಯಿತು. ಬೋರಿಸ್ ಸರ್ಕಾರಿ ವಕೀಲರ ಜೊತೆ ಮಾತನಾಡಿ ಮಗನನ್ನು ಜೈಲಿನಿಂದ ತಪ್ಪಿಸಿದ. ಆದರೆ ಬದಲಿಗೆ ಸಿಕ್ಕಿದ್ದು ಬಿಡುಗಡೆಯಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ ತಂದೆಯೇ ನಡೆಸುತ್ತಿದ್ದ ಮನೋಚಿಕಿತ್ಸಾಲಯದಲ್ಲಿ ಒಂದು ವರ್ಷ, ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ವರ್ಷ ಅವನನ್ನು ಇರಿಸಿಕೊಂಡರು. ಹೆತ್ತವರೇ ತನ್ನನ್ನು ಅಪಹರಿಸಿದರು ಎಂದು ವಿಲಿಯಂ ನಂತರ ಬರೆದ. ಜೈಲು ಅವನನ್ನು ಕೊಲ್ಲುತ್ತದೆಂದು ಅವರು ಹೆದರಿದ್ದರೆ ಅದು ಅರ್ಥವಾಗುವ ಹೆದರಿಕೆಯೇ. ಆದರೆ ಇಪ್ಪತ್ತೊಂದರ ಮಗ ತನ್ನದೇ ನಂಬಿಕೆಗಾಗಿ ಮೊದಲ ಬಾರಿ ನಿಂತಾಗ, ಅವನನ್ನು ಮತ್ತೆ ತಂದೆಯ ಸಂಸ್ಥೆಯೊಳಗಿನ ಒಂದು ವಸ್ತುವಾಗಿಸಿದ್ದು ಆ ಸಂಬಂಧವನ್ನು ಮುಗಿಸಿತು. 1923ರಲ್ಲಿ ಬೋರಿಸ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಅಂತ್ಯಸಂಸ್ಕಾರಕ್ಕೆ ವಿಲಿಯಂ ಹೋಗಲಿಲ್ಲ.

ಮರೆಯಲ್ಲಿ

1921ರ ನಂತರ ಅವನು ಲೆಕ್ಕದ ಯಂತ್ರ ನಡೆಸುವ ಗುಮಾಸ್ತನಾಗಿ ಕೆಲಸ ಮಾಡುತ್ತ ಬಂದ. 1924ರಲ್ಲಿ ಪತ್ರಿಕೆಯವರು ಪತ್ತೆ ಹಚ್ಚಿದಾಗ ವಾರಕ್ಕೆ 23 ಡಾಲರ್ ಸಂಬಳವಿತ್ತು. ಕಚೇರಿಯಲ್ಲಿ ಯಾರಿಗಾದರೂ ಅವನು ಯಾರೆಂದು ತಿಳಿದರೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುತ್ತಿದ್ದ. ಪತ್ರಿಕೆಗಳ ಕಣ್ಣಿಗೆ ಇದೇ ಅವನ ಪತನ.

ಕಚೇರಿಯ ಹೊರಗೆ ಅವನು ಏನು ಮಾಡುತ್ತಿದ್ದ ಎಂದು ನೋಡೋಣ. 1925ರಲ್ಲಿ ತನ್ನದೇ ಹೆಸರಿನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಪ್ರಕಾರ ವಿಶ್ವದ ಶಕ್ತಿ ಸದಾ ಚದುರುತ್ತಲೇ ಹೋಗಬೇಕು. ವಿಶ್ವದ ಕೆಲವು ಭಾಗಗಳಲ್ಲಿ ಈ ನಿಯಮ ಹಿಮ್ಮುಖವಾಗಿ ನಡೆಯುತ್ತಿರಬಹುದು, ಜೀವಿಗಳ ಗುಟ್ಟೂ ಅಂಥ ಹಿಮ್ಮುಖ ನಡೆಯಲ್ಲೇ ಇರಬಹುದು ಎಂಬುದು ಅವನ ಊಹೆ. ವಿಜ್ಞಾನಲೋಕ ಅದನ್ನು ಗಮನಿಸಲಿಲ್ಲ. ಇದರಲ್ಲಿ ಕಪ್ಪುರಂಧ್ರಗಳ ಮುನ್ಸೂಚನೆಯಿದೆ ಎಂದು ಅವನ ಅಭಿಮಾನಿಗಳು ಈಗ ಹೇಳುವುದು ಹಿಗ್ಗಿಸಿದ ಮಾತು. ಪ್ರಯೋಗದ ಆಧಾರವಿಲ್ಲದ ಊಹೆಯ ಪುಸ್ತಕವದು. ಆದರೂ ಬಾಡಿದ ಬುದ್ಧಿ ಇಂಥದ್ದನ್ನು ಬರೆಯುವುದಿಲ್ಲ.

ಅಮೆರಿಕದ ಇತಿಹಾಸವನ್ನು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಂದ ಆರಂಭಿಸಿ ಹೇಳುವ ದೊಡ್ಡ ಹಸ್ತಪ್ರತಿಯೊಂದನ್ನು 1930ರ ದಶಕದಲ್ಲಿ ಜಾನ್ ಶಟಕ್ ಎಂಬ ಹೆಸರಿನಲ್ಲಿ ಬರೆದ. ಅಮೆರಿಕದ ಪ್ರಜಾಪ್ರಭುತ್ವದ ಬೇರುಗಳು ನ್ಯೂ ಇಂಗ್ಲೆಂಡಿನ ಬುಡಕಟ್ಟುಗಳ ಒಕ್ಕೂಟಗಳಲ್ಲಿವೆ ಎಂಬುದು ಅದರ ವಾದ. ಅಂಥ ಮಾತನ್ನು ಆ ಕಾಲದ ಬಿಳಿಯ ಇತಿಹಾಸಕಾರರಲ್ಲಿ ಹುಡುಕಬೇಕಾಗಿತ್ತು. ಆ ಹಸ್ತಪ್ರತಿ ಬೆಳಕಿಗೆ ಬಂದದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ. ಶಾಶ್ವತ ಕ್ಯಾಲೆಂಡರ್ ಒಂದನ್ನು ರೂಪಿಸಿ ಪೇಟೆಂಟ್ ಪಡೆದ. ಬಾಸ್ಟನ್ ನಗರದ ಹಳೆಯ ಸಂಗತಿಗಳನ್ನು ಕುರಿತು ಜೇಕಬ್ ಮಾರ್ಮರ್ ಎಂಬ ಇನ್ನೊಂದು ಹೆಸರಿನಲ್ಲಿ ಅಂಕಣ ಬರೆದ.

ಈ ಪಟ್ಟಿಯಲ್ಲಿ ಶ್ರೇಷ್ಠ ಗಣಿತವಿಲ್ಲ, ನಿಜ. ಅವನ ಕೃತಿಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಸಮಾನರ ಜೊತೆ ವಾದಿಸಿ, ತಿದ್ದಿಸಿಕೊಂಡು, ಮತ್ತೆ ಬರೆದ ಗುರುತು ಅವುಗಳಲ್ಲಿಲ್ಲ. ವಿಜ್ಞಾನವಾಗಲಿ ಇತಿಹಾಸವಾಗಲಿ ಒಬ್ಬಂಟಿಯಾಗಿ ಮಾಗುವ ಕೆಲಸವಲ್ಲ. ವಿಮರ್ಶಿಸುವ ಗೆಳೆಯ ಬೇಕು, ‘ಇದು ಸರಿಯಿಲ್ಲ’ ಎನ್ನುವ ಗುರು ಬೇಕು. ಅಂಥ ಬಳಗವನ್ನು ಕಟ್ಟಿಕೊಳ್ಳಬೇಕಾದರೆ ಹೆಸರು ಹೇಳಿಕೊಳ್ಳಬೇಕು. ಹೆಸರು ಹೇಳಿದ ಕೂಡಲೇ ಎದುರಿಗಿದ್ದವನ ಕಣ್ಣಿಗೆ ಹನ್ನೊಂದು ವರ್ಷದ ಹುಡುಗ ಬಂದು ನಿಲ್ಲುತ್ತಿದ್ದ. ಹಾಗಾಗಿ ಮೂರು ಸುಳ್ಳು ಹೆಸರುಗಳು. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ.

ಅದೇ ಊರಿನ ಇನ್ನೊಬ್ಬ ಹುಡುಗ

ಒಂದೇ ಪ್ರಕರಣದಿಂದ ಕಾರಣಗಳನ್ನು ಹೇಳುವುದು ಕಷ್ಟ. ಅದೃಷ್ಟಕ್ಕೆ ಇಲ್ಲಿ ಹೋಲಿಸಿ ನೋಡಲು ವೀನರ್ ಇದ್ದಾನೆ. 1894ರಲ್ಲಿ ಹುಟ್ಟಿದವನು. ಅವನ ತಂದೆ ಲಿಯೋ ವೀನರ್ ಕೂಡ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದಿ, ಹಾರ್ವರ್ಡ್‌ನಲ್ಲಿ ಸ್ಲಾವಿಕ್ ಭಾಷೆಗಳ ಪ್ರಾಧ್ಯಾಪಕ, ಟಾಲ್‌ಸ್ಟಾಯ್‌ನ ಕೃತಿಗಳ ಅನುವಾದಕ. ಅವನೂ ಮಗನಿಗೆ ಮನೆಯಲ್ಲೇ ಕಲಿಸಿದ. ಬೋರಿಸ್‌ಗಿಂತ ಕಠಿಣನೇ ಆಗಿದ್ದ. ಬೀಜಗಣಿತದಲ್ಲಿ ತಪ್ಪಾದರೆ ಹುಡುಗನನ್ನು ಗದರಿಸಿ ಅಳಿಸುತ್ತಿದ್ದ. ತನ್ನ ಮಗ ಸಾಮಾನ್ಯ ಹುಡುಗ, ತರಬೇತಿಯೇ ಎಲ್ಲ ಎಂದು ಅವನೂ ಪತ್ರಿಕೆಯವರಿಗೆ ಹೇಳಿದ. 1911ರ ಒಂದು ನಿಯತಕಾಲಿಕದ ಲೇಖನದಲ್ಲಿ ಆ ಮಾತನ್ನು ಓದಿದ ನಾರ್ಬರ್ಟ್‌ಗೆ ಆದ ಗಾಯ ಆತ್ಮಕಥೆ ಬರೆಯುವಾಗಲೂ ಆರಿರಲಿಲ್ಲ. ಸೋತರೆ ಸೋಲು ತನ್ನದು, ಗೆದ್ದರೆ ಗೆಲುವು ಅಪ್ಪನದು ಎಂದು ಅವನು ಬರೆಯುತ್ತಾನೆ. ಆದ್ದರಿಂದ ವೀನರ್‌ಗೆ ಒಳ್ಳೆಯ ತಂದೆ, ಸೈಡಿಸ್‌ಗೆ ಕೆಟ್ಟ ತಂದೆ ಎಂದು ಭಾಗ ಮಾಡುವುದು ನಡೆಯದು.

ವ್ಯತ್ಯಾಸಗಳು ಬೇರೆಡೆ ಇವೆ. ನಾರ್ಬರ್ಟ್ ಏಯರ್ ಎಂಬ ಸಣ್ಣ ಊರಿನ ಹೈಸ್ಕೂಲಿಗೆ ಹೋದ. ತರಗತಿಯಲ್ಲಿ ದೊಡ್ಡವರ ಜೊತೆ ಕೂತರೂ ಆಡಲು ಸಹಪಾಠಿಗಳ ತಮ್ಮಂದಿರು, ತನ್ನ ವಯಸ್ಸಿನ ಹುಡುಗರು ಸಿಕ್ಕಿದರು. ಹನ್ನೊಂದಕ್ಕೆ ಕಾಲೇಜಿಗೆ ಸಿದ್ಧನಾದಾಗ ಲಿಯೋ ಅವನನ್ನು ಹಾರ್ವರ್ಡ್‌ಗೆ ಕಳಿಸಲಿಲ್ಲ. ಅಲ್ಲಿನ ಪ್ರವೇಶ ಪರೀಕ್ಷೆಯ ಒತ್ತಡ, ಅದಕ್ಕಿಂತ ಹೆಚ್ಚಾಗಿ ಪತ್ರಿಕೆಗಳ ಗದ್ದಲ ಬೇಡವೆಂದು ಹತ್ತಿರದ ಟಫ್ಟ್ಸ್ ಕಾಲೇಜಿಗೆ ಸೇರಿಸಿದ. ಮುಂದೆ ಮಗನ ಬಗ್ಗೆ ಬೇಕಾದಷ್ಟು ಮಾತಾಡಿದ ತಂದೆಯೇ ಈ ಒಂದು ನಿರ್ಧಾರದಲ್ಲಿ ವಿವೇಕ ತೋರಿಸಿದ. ಹುಡುಗನ ಪದವಿಯ ವರ್ಷಗಳು ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದೆ ಕಳೆದವು.

ಇನ್ನೂ ಮುಖ್ಯವಾದದ್ದು ಆಮೇಲೆ ನಡೆಯಿತು. ಹದಿನಾಲ್ಕಕ್ಕೆ ಪದವಿ ಮುಗಿಸಿ ಹಾರ್ವರ್ಡ್‌ನಲ್ಲಿ ಪ್ರಾಣಿಶಾಸ್ತ್ರಕ್ಕೆ ಸೇರಿದ ನಾರ್ಬರ್ಟ್ ಅಲ್ಲಿ ಸೋತ. ದೃಷ್ಟಿ ಮಂದ, ಕೈ ಒರಟು, ಪ್ರಯೋಗಾಲಯದ ಕೆಲಸ ಹತ್ತಲಿಲ್ಲ. ಕಾರ್ನೆಲ್‌ಗೆ ಹೋಗಿ ತತ್ತ್ವಶಾಸ್ತ್ರ ಹಿಡಿದ, ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಮತ್ತೆ ಹಾರ್ವರ್ಡ್‌ಗೆ ಬಂದು 1913ರಲ್ಲಿ ಡಾಕ್ಟರೇಟ್ ಪಡೆದ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತತ್ತ್ವಜ್ಞ ಬರ್ಟ್ರಂಡ್ ರಸೆಲ್ ಮತ್ತು ಗಣಿತಜ್ಞ ಜಿ.ಎಚ್. ಹಾರ್ಡಿಯವರ ಬಳಿ ಕಲಿತ. 1919ರಲ್ಲಿ ಎಂಐಟಿ ಸೇರಿದ ಮೇಲೆಯೇ, ಅಂದರೆ ಇಪ್ಪತ್ತೈದರ ಹತ್ತಿರ, ಅವನ ನಿಜವಾದ ಗಣಿತ ಶುರುವಾಯಿತು. ಅಷ್ಟು ವರ್ಷ ದಾರಿ ತಪ್ಪುತ್ತ ಅಲೆಯಲು ಅವನಿಗೆ ಬಿಡುವಿತ್ತು. ಹಾರ್ಡಿಯಂಥವನು ಅವನ ಗಣಿತವನ್ನು ನೋಡಿದ, ವಯಸ್ಸನ್ನಲ್ಲ. ವೀನರ್‌ನ ಬದುಕೂ ಸುಖದ್ದೇನಲ್ಲ. ಖಿನ್ನತೆ ಅವನನ್ನು ಜೀವನವಿಡೀ ಕಾಡಿತು. ಸೈಡಿಸ್‌ನ ಸೋಲು ಬಹುಪಾಲು ಅವನ ಹೆತ್ತವರ ಸೋಲು ಎಂದು ಅವನು ಬರೆದಾಗ ಆ ಮಾತಿನಲ್ಲಿ ತನ್ನ ಮನೆಯ ನೋವೂ ಬೆರೆತಿದೆ.

ಮತ್ತೆ ಬೆಳಕಿಗೆ ಎಳೆದದ್ದು

1937ರ ಆಗಸ್ಟ್ 14ರಂದು ನ್ಯೂಯಾರ್ಕರ್ ಪತ್ರಿಕೆ, ಒಂದು ಕಾಲದಲ್ಲಿ ಸುದ್ದಿಯಲ್ಲಿದ್ದವರು ಈಗ ಎಲ್ಲಿದ್ದಾರೆ ಎಂಬ ತನ್ನ ಮಾಲಿಕೆಯಲ್ಲಿ ಸೈಡಿಸ್‌ನ ಬಗ್ಗೆ ಬರೆಯಿತು. ಅವನು ಹುಟ್ಟಿದ ಏಪ್ರಿಲ್ ಒಂದನ್ನು ಹಿಡಿದು, ‘ಏಪ್ರಿಲ್ ಫೂಲ್’ ಎಂದೇ ತಲೆಬರಹ ಕೊಟ್ಟಿತು. ಮಾಲಿಕೆಯ ಬರಹಗಳನ್ನು ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದವನು ಪ್ರಸಿದ್ಧ ಹಾಸ್ಯಲೇಖಕ ಜೇಮ್ಸ್ ಥರ್ಬರ್. ಬಾಸ್ಟನ್ನಿನ ಬಡ ಪ್ರದೇಶದ ಬಾಡಿಗೆ ಕೋಣೆ, ಅವನ ನಗು, ಮಾತಿನ ರೀತಿ, ಟ್ರಾಮ್ ಟಿಕೆಟ್ ಸಂಗ್ರಹ ಎಲ್ಲವೂ ಅಲ್ಲಿ ಬಂದವು. ಗಣಿತದ ಸೂತ್ರ ಕಂಡರೇ ಮೈ ಸಂಕಟವಾಗುತ್ತದೆ, ಲೆಕ್ಕದ ಯಂತ್ರ ನಡೆಸಿಕೊಂಡಿರಲು ಬಿಟ್ಟರೆ ಸಾಕು, ಅದಕ್ಕೂ ಬಿಡುವುದಿಲ್ಲ ಎಂಬ ಮಾತನ್ನು ಲೇಖನ ಅವನದೆಂದು ಉದ್ಧರಿಸಿತು. ಹಾಗೆ ಹೇಳಿದನೆನ್ನಲಾದ ಮನುಷ್ಯನನ್ನು ‘ಬಿಡುವುದಿಲ್ಲ’ದ ಕೆಲಸವನ್ನೇ ಆ ಲೇಖನ ಮಾಡಿತು. ಹದಿಮೂರು ವರ್ಷಗಳ ಹಿಂದೆಯೇ ಪತ್ರಿಕೆಗಳ ಆಸಕ್ತಿ ತೀರಿಹೋಗಿ, ಅವನು ಕಷ್ಟಪಟ್ಟು ಕಟ್ಟಿಕೊಂಡ ಅಜ್ಞಾತವಾಸ ಒಂದೇ ವಾರದಲ್ಲಿ ಕುಸಿಯಿತು.

ಅವನು ಮೊಕದ್ದಮೆ ಹೂಡಿದ. ಖಾಸಗಿತನದ ಉಲ್ಲಂಘನೆ ಮತ್ತು ಮಾನಹಾನಿ ಎರಡೂ ಅದರಲ್ಲಿದ್ದವು. 1940ರಲ್ಲಿ ಎರಡನೆಯ ಸರ್ಕಿಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಚಾರ್ಲ್ಸ್ ಕ್ಲಾರ್ಕ್ ಬರೆದ ತೀರ್ಪು ಅಮೆರಿಕದ ಕಾನೂನು ತರಗತಿಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಲೇಖನ ಒಬ್ಬನ ಖಾಸಗಿ ಬದುಕನ್ನು ನಿರ್ದಯವಾಗಿ ಸೀಳಿ ತೋರಿಸಿದೆ, ಏಕಾಂತ ಬಯಸಿದವನಿಂದ ಅದನ್ನು ಕಿತ್ತುಕೊಂಡಿದೆ ಎಂದು ನ್ಯಾಯಾಲಯ ಒಪ್ಪಿತು. ಆದರೂ ಒಮ್ಮೆ ಸಾರ್ವಜನಿಕ ವ್ಯಕ್ತಿಯಾಗಿದ್ದವನು ಬಾಲ್ಯದಲ್ಲಿ ಹುಟ್ಟಿಸಿದ್ದ ಭರವಸೆಯನ್ನು ಈಡೇರಿಸಿದನೇ ಎಂಬುದು ಜನರ ನ್ಯಾಯವಾದ ಕುತೂಹಲ ಎಂದು ಹೇಳಿ ಖಾಸಗಿತನದ ವಾದವನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಉಳಿದ ಮಾನಹಾನಿಯ ಭಾಗ ಮುಂದೆ ರಾಜಿಯಲ್ಲಿ ಮುಗಿಯಿತು.

ಪತ್ರಿಕಾ ಸ್ವಾತಂತ್ರ್ಯದ ಕಡೆಯಿಂದ ನೋಡಿದರೆ ಈ ತೀರ್ಪಿಗೆ ಬಲವಾದ ಸಮರ್ಥನೆಯಿದೆ. ಪತ್ರಿಕೆಗಳು ಯಾರನ್ನು ಮರೆಯಬೇಕು, ಯಾರನ್ನು ನೆನೆಯಬೇಕು ಎಂದು ನ್ಯಾಯಾಲಯ ಹೇಳತೊಡಗಿದರೆ ಅಪಾಯವೇ. ಆದರೆ ತೀರ್ಪು ಒಂದು ಪ್ರಶ್ನೆಯನ್ನು ಎತ್ತಲೇ ಇಲ್ಲ. 1910ರಲ್ಲಿ ಅವನು ಸಾರ್ವಜನಿಕ ವ್ಯಕ್ತಿಯಾದದ್ದು ಯಾರ ಒಪ್ಪಿಗೆಯಿಂದ? ಮಂತ್ರಿಯೋ ನಟನೋ ತಾನಾಗಿ ಬೆಳಕಿಗೆ ಬರುತ್ತಾನೆ. ಹನ್ನೊಂದು ವರ್ಷದವನ ಪರವಾಗಿ ಇನ್ನೊಬ್ಬರು ಆ ಬಾಗಿಲು ತೆರೆದರು, ಅದನ್ನು ಮುಚ್ಚುವ ಹಕ್ಕು ಮೂವತ್ತೊಂಬತ್ತಕ್ಕೂ ಅವನಿಗೆ ಸಿಗಲಿಲ್ಲ.

1944ರ ಜುಲೈ 17ರಂದು ಬಾಸ್ಟನ್‌ನಲ್ಲಿ, 46ನೆಯ ವಯಸ್ಸಿಗೆ, ತಂದೆಯ ಹಾಗೆಯೇ ಮಿದುಳಿನ ರಕ್ತಸ್ರಾವದಿಂದ ವಿಲಿಯಂ ಸತ್ತ. ಎರಡು ವರ್ಷದ ಮೇಲೆ ಹೊರಬಂದ ಜನಪ್ರಿಯ ಮನೋವಿಜ್ಞಾನದ ಪುಸ್ತಕವೊಂದು ಅವನ ಐಕ್ಯೂ, ಅಂದರೆ ಬುದ್ಧಿಮಟ್ಟ ಅಳೆಯುವ ಅಂಕ, 250ರಿಂದ 300ರ ನಡುವೆ ಇತ್ತೆಂದು ಬರೆಯಿತು. ಅದಕ್ಕೆ ಆಧಾರ ಮನೆಯವರಿಂದ ಕೇಳಿದ ಮಾತು. ಅಂಥ ಅಂಕ ಕೊಟ್ಟ ಪರೀಕ್ಷೆಯ ದಾಖಲೆ ಎಲ್ಲಿಯೂ ಇಲ್ಲ. ಇಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವ ‘ಜಗತ್ತಿನ ಅತ್ಯಂತ ಬುದ್ಧಿವಂತ’ ಎಂಬ ಸಂದೇಶಗಳಲ್ಲಿ ಬರುವುದು ಈ ಸಂಖ್ಯೆಯೇ. ಬುಡಕಟ್ಟುಗಳ ಇತಿಹಾಸ ಅವುಗಳಲ್ಲಿ ಬರುವುದಿಲ್ಲ.

ನಮ್ಮ ಕಾನೂನಿನಲ್ಲಿ

ಸೈಡಿಸ್ ಕೇಳಿ ಪಡೆಯಲಾಗದ ಹಕ್ಕು ಭಾರತದಲ್ಲಿ ಗಟ್ಟಿಯಾದದ್ದು ಕನ್ನಡನಾಡಿನ ಒಬ್ಬ ನ್ಯಾಯಮೂರ್ತಿಯ ಹೆಸರಿನ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಬಾಲ್ಯದ ತಪ್ಪುಗಳ, ಮುಗ್ಧತೆಯ ಫಲವನ್ನು ಮಕ್ಕಳು ಜೀವನವಿಡೀ ಹೊರುವಂತಾಗಬಾರದು, ಅವರ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕು ಎಂದಿದ್ದಾರೆ.

ಆ ರಕ್ಷಣೆ ಕಾಯ್ದೆಗೆ ಇಳಿದ ಬಗೆ ನೋಡಿದರೆ ಸೈಡಿಸ್ ಪ್ರಕರಣದ ಪ್ರಶ್ನೆ ಹಾಗೆಯೇ ಉಳಿದಿರುವುದು ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಕಂಪನಿಗಳು ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಕಾವಲಿಗೆ ನಿಲ್ಲಿಸಿರುವುದು ಹೆತ್ತವರನ್ನೇ. ಮಾಹಿತಿಯ ಒಡೆಯರು ಯಾರು ಎಂಬ ವ್ಯಾಖ್ಯೆಯಲ್ಲಿ ಮಗುವಿನ ಜೊತೆಗೆ ಹೆತ್ತವರನ್ನೂ ಸೇರಿಸಲಾಗಿದೆ. ಒಡೆಯರೇ ಬಹಿರಂಗಪಡಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಮೂರು ವರ್ಷದ ಮಗುವಿಂದ ದೇಶಗಳ ರಾಜಧಾನಿಗಳನ್ನು ಹೇಳಿಸಿ, ರಾಗಗಳನ್ನು ಗುರುತಿಸಿಸಿ ಲಕ್ಷಾಂತರ ಜನರ ಮುಂದಿಡುವ ತಂದೆ ತಾಯಿ ಯಾವ ನಿಯಮವನ್ನೂ ಮೀರುತ್ತಿಲ್ಲ. ಹೆತ್ತವರು ಪ್ರೀತಿಯಿಂದ, ಹೆಮ್ಮೆಯಿಂದ ಬಹಿರಂಗಪಡಿಸಿದ ಬಾಲ್ಯವನ್ನು 18 ತುಂಬಿದ ದಿನ ಹಿಂತೆಗೆದುಕೊಳ್ಳುವ ಹಕ್ಕನ್ನು ಆ ಮಗುವಿಗೇ ಸ್ಪಷ್ಟವಾಗಿ ಕೊಡುವ ಒಂದು ಕಲಮು ಈ ಕಾಯ್ದೆಗೆ ಸೇರಬೇಕು.